ದಫ್ತರದಲ್ಲಿ ಇಲ್ಲದ ಅಜ್ಜಂದಿರು

1878ರಲ್ಲಿ ಮದೀರಾ ದ್ವೀಪದಿಂದ 'ಪ್ರಿಸಿಲ್ಲಾ' ಎಂಬ ಹಡಗು ಕಬ್ಬಿನ ತೋಟಕ್ಕೆ ಕೂಲಿಗಳನ್ನು ಹೊತ್ತು ಹವಾಯಿಗೆ ಹೋಯಿತು. ಅಝೋರ್ಸ್ ದ್ವೀಪಗಳವರು ತಿಮಿಂಗಿಲ ಬೇಟೆಯ ಹಡಗು ಹತ್ತಿ ಅಮೆರಿಕದ ನ್ಯೂ ಬೆಡ್‌ಫರ್ಡ್ ಸೇರಿದರು. ಅಲ್ಲಿ ಪೆರೇರಾ ಪೆರ್ರಿಯಾದ, ರೊದ್ರಿಗಸ್ ರಾಜರ್ಸ್ ಆದ. ಈಗ ಅವರ ಮರಿಮಕ್ಕಳು ಮುತ್ತಜ್ಜನ ಊರು ಹುಡುಕುತ್ತಿದ್ದಾರೆ. ಹುಡುಕಲಿ. ಹೊಟ್ಟೆಪಾಡಿಗಾಗಿ ಊರು ಬಿಟ್ಟವನ ಹೆಸರನ್ನು ಮತ್ತೆ ಕೂಗಿ ಕರೆಯುವುದು ಪುಣ್ಯದ ಕೆಲಸವೇ. ಸಿಕ್ಕ ದಾಖಲೆಯನ್ನೇ ಪೋರ್ಚುಗಲ್ಲಿನ ಇಡೀ ಚರಿತ್ರೆ ಎಂದು ನಂಬುವುದಕ್ಕೆ ಮಾತ್ರ ನಮ್ಮ ತಕರಾರು.

ಯಾವುದು ಈ ದಾಖಲೆ? ಇಗರ್ಜಿಯ ದೀಕ್ಷಾಸ್ನಾನದ ಪುಸ್ತಕ. 1911ರಲ್ಲಿ ಎಲ್ಲರ ಜನನವನ್ನೂ ಸರ್ಕಾರಿ ಕಚೇರಿಯಲ್ಲಿ ಬರೆಸುವುದು ಕಡ್ಡಾಯವಾಗುವ ತನಕ ಬಹುಪಾಲು ಜನರ ಹುಟ್ಟಿಗೆ ಪಾದ್ರಿಯ ಲೇಖನಿಯೇ ಸಾಕ್ಷಿ. ಹೆಣ್ಣುಮಕ್ಕಳಿಗೆ ಎಷ್ಟೋ ಸಲ ಮನೆತನದ ಹೆಸರಿನ ಬದಲು 'ದೆ ಜೆಸುಸ್' ಎಂದು ಬರೆದುಬಿಡುತ್ತಿದ್ದರು. ಅಲ್ಲಿಗೆ ತಾಯಿಯ ಕಡೆಯ ದಾರಿ ಮಸುಕು. ಗುಲಾಮನಿಗೆ ಬರೀ ಒಂದು ಹೆಸರು, ಪಕ್ಕದಲ್ಲಿ ಒಡೆಯನ ಹೆಸರು. ಮುಸಲ್ಮಾನನಿಗೆ? ಅವನನ್ನು ಓಡಿಸಿದ ಮೇಲೆಯೇ ಈ ಪುಸ್ತಕಗಳು ಊರೂರಲ್ಲಿ ಶುರುವಾದದ್ದು.

1496ರ ಡಿಸೆಂಬರಿನಲ್ಲಿ ದೊರೆ ಮನುವೆಲ್ ಯಹೂದಿಗಳೂ ಮುಸ್ಲಿಮರೂ ದೇಶ ಬಿಡಬೇಕೆಂದು ಒಂದೇ ಫರ್ಮಾನು ಹೊರಡಿಸಿದ. ಆಮೇಲೆ ಯಹೂದಿಗಳಲ್ಲಿ ಹೆಚ್ಚಿನವರನ್ನು ಹೋಗಗೊಡದೆ ಬಲಾತ್ಕಾರವಾಗಿ ಮತಾಂತರಿಸಿದ. ಅದು ಘೋರ ಅನ್ಯಾಯ. 2015ರಲ್ಲಿ ಪೋರ್ಚುಗಲ್ ಅವರ ವಂಶಸ್ಥರಿಗೆ ಪೌರತ್ವದ ಬಾಗಿಲು ತೆರೆದದ್ದನ್ನು ನಾವು ಮನಸಾರೆ ಒಪ್ಪುತ್ತೇವೆ. ಮನೆತನದ ಹೆಸರು, ಮನೆಮಾತು, ವಂಶಾವಳಿ ಎಲ್ಲವೂ ಪುರಾವೆಯಾದವು. ಅವರನ್ನು ಸುಟ್ಟ ಇನ್‌ಕ್ವಿಸಿಷನ್ನಿನ ಕಡತಗಳೇ ಎಷ್ಟೋ ಮಂದಿಗೆ ಅಜ್ಜಿಯರ ಗುರುತು ಕೊಟ್ಟವು, ಎಂಥ ವಿಪರ್ಯಾಸ! ಆದರೆ ಅದೇ ಫರ್ಮಾನಿಗೆ ತಲೆಬಾಗಿ ಗಡಿ ದಾಟಿದ, ಕಡಲು ದಾಟಿ ಉತ್ತರ ಆಫ್ರಿಕ ಸೇರಿದ ಮುಸಲ್ಮಾನನ ಮಕ್ಕಳ ಮಾತೇ ಆ ಕಾನೂನಿನಲ್ಲಿ ಇರಲಿಲ್ಲ.

ಮುಸ್ಲಿಮರು ದಾಳಿಕೋರರಾಗಿ ಬಂದವರು, ಯುದ್ಧದಲ್ಲಿ ಸೋತು ಹೋದವರು ಎಂಬ ಸಮಜಾಯಿಷಿ ಇದೆ. ಈ ರಾಗ ನಮ್ಮ ಕಿವಿಗೆ ಹೊಸದಲ್ಲ. ತೆಂಕಣ ಪೋರ್ಚುಗಲ್ಲಿನ ಫಾರೋ ಪಟ್ಟಣ ಕ್ರೈಸ್ತ ದೊರೆಯ ಕೈಸೇರಿದ್ದು 1249ರಲ್ಲಿ. ಅಲ್ಲಿಂದ ಸುಮಾರು 250 ವರ್ಷ ಆ ದೊರೆಗಳಿಗೇ ಕಂದಾಯ ಕಟ್ಟಿ, ಲಿಸ್ಬನ್ನಿನ ಮೊರಾರಿಯಾ ಕೇರಿಯಲ್ಲಿ ಮಡಕೆ ಮಾಡಿ, ಚಾಪೆ ನೇಯ್ದು ಬದುಕಿದವರು ಯಾವ ಯುದ್ಧದಲ್ಲಿ ಸೋತರು ಸ್ವಾಮಿ?

ಹಾಗೆಂದು ನಾವೇನು ಸಾಚಾಗಳಲ್ಲ. ನೇಕಾರ ಅಜ್ಜನನ್ನು ಮುಚ್ಚಿಟ್ಟು ಅರಬಸ್ತಾನದವರೆಗೆ ಶಜರಾ ಎಳೆಯುವವರು ನಮ್ಮ ಗಲ್ಲಿಗಳಲ್ಲೂ ಇದ್ದಾರೆ. ಬೇಡದ ಅಜ್ಜನನ್ನು ಬಿಟ್ಟು ಬೇಕಾದ ಅಜ್ಜನನ್ನು ಆರಿಸಿಕೊಳ್ಳುವ ಈ ಚಟವನ್ನು ಒಂದು ಸರ್ಕಾರವೇ ಕಾನೂನು ಮಾಡಿದರೆ ಹೇಳುವವರು ಯಾರು?

ಆ ಅಮೆರಿಕದ ಮರಿಮಕ್ಕಳು ಪೋರ್ಚುಗಲ್ಲಿಗೆ ಹೋದಾಗ ದಾರಿಬದಿಯ ಊರಿನ ಹೆಸರುಗಳನ್ನು ಒಮ್ಮೆ ಗಟ್ಟಿಯಾಗಿ ಓದಿ ನೋಡಲಿ. ಅಲ್ಬುಫೇರಾ ಎಂಬುದು ಅರಬಿಯ ಅಲ್ ಬುಹೈರಾ, ಅಂದರೆ ಸರೋವರ. ಅಲ್ಮಾದಾ ಎಂಬುದು ಅಲ್ ಮಅದನ್, ಗಣಿ. ಉರ್ದು ಬಲ್ಲವರಿಗೆ ಮಾದನ್ ಎಂದರೆ ಸಾಕು. ಈ ಹೆಸರಿಟ್ಟವರ ಕುಡಿಗಳು ಅರ್ಜಿ ಹಿಡಿದು ನಿಲ್ಲಲು 2015ರ ಆ ಕಾನೂನು ಒಂದು ಕಿಟಕಿಯನ್ನೂ ತೆರೆಯಲಿಲ್ಲ.