ಯಾವ ಫ್ಯಾಕ್ಟರಿಗಿ ಹೊಂಟೀರಿ?

ನಮ್ಮ ತಲೆಮಾರಿನ ಕನ್ನಡ ಬರಹಗಾರರಿಗೆ 'ಅಲೆಮಾರಿ' ಎಂಬ ಪದದ ಚಟ ಹತ್ತಿದೆ. ಕವನ ಸಂಕಲನದ ಬೆನ್ನುಪುಟದಲ್ಲಿ 'ಸದ್ಯ ಬೆಂಗಳೂರಿನಲ್ಲಿ ವಾಸ, ಸ್ವಭಾವತಃ ಅಲೆಮಾರಿ' ಎಂದು ಬರೆದುಕೊಳ್ಳುತ್ತೇವೆ. ಎರಡು ದಿನ ರಜೆ ಹಾಕಿ ಹಂಪಿಗೆ ಹೋಗಿಬಂದರೆ ಅಲೆಮಾರಿ, ಪ್ರೀತಿ ಮುರಿದುಬಿದ್ದರೆ ಅಲೆಮಾರಿ. ಮೊಬೈಲಿಗೆ 'ಜಂಗಮವಾಣಿ' ಎಂದು ಹೆಸರಿಟ್ಟ ಭಾಷೆ ನಮ್ಮದು, ನಮಗೆ ಚಲನೆ ಎಂದರೆ ಅಷ್ಟು ಅಗ್ಗ. ನಾನೂ ಈ ಚಟದಿಂದ ಹೊರತಲ್ಲ. ಎಂ.ಎ. ಓದುವಾಗ 'ಅಲೆಮಾರಿಯ ಡೈರಿ' ಎಂಬ ಹೆಸರಿನಲ್ಲಿ ಹನ್ನೆರಡು ಕವಿತೆ ಬರೆದಿದ್ದೆ. ಆ ಎರಡು ವರ್ಷ ನಾನು ಅಲೆದದ್ದು ಶಹಾಬಜಾರದ ಮನೆಯಿಂದ ವಿಶ್ವವಿದ್ಯಾಲಯಕ್ಕೆ, ಅಲ್ಲಿಂದ ಮತ್ತೆ ಮನೆಗೆ, ಅವ್ವ ಬಡಿದ ಬಿಸಿ ರೊಟ್ಟಿಗೆ.

ಈ ಪದದ ಮೇಲೆ ನನಗೆ ಸಿಟ್ಟು ಬಂದದ್ದು ಗ್ರಂಥಾಲಯದಲ್ಲಿ ಕೂತಾಗಲ್ಲ, ಒಂದು ಟ್ರೇಲರ್ ಕಟ್ಟಿದಾಗ.

ಶಹಾಬಜಾರ ನಾಕಾದ ಹತ್ತಿರ ನನ್ನ ಬಾಲ್ಯದ ಗೆಳೆಯನೊಬ್ಬನ ವೆಲ್ಡಿಂಗ್ ಅಂಗಡಿ ಇದೆ. ಗೇಟು, ಕಿಟಕಿ, ಮುಖ್ಯವಾಗಿ ಟ್ರ್ಯಾಕ್ಟರ್ ಟ್ರಾಲಿ ಅವನ ಕಸುಬು. ರಾತ್ರಿ ಅಂಗಡಿ ಮುಚ್ಚಿದ ಮೇಲೆ ಯೂಟ್ಯೂಬಿನಲ್ಲಿ ಅಮೆರಿಕದವರು ಮನೆಯಲ್ಲೇ ಕಟ್ಟಿಕೊಂಡ ಸಣ್ಣ ಕ್ಯಾಂಪರ್ ಟ್ರೇಲರ್‌ಗಳನ್ನು ನೋಡುತ್ತ ಕೂರುವುದು ಅವನ ಹುಚ್ಚು. ಒಂದು ವಿಡಿಯೊದಲ್ಲಿ ಕಾರಿನ ಹಿಂದೆ ಪುಟ್ಟ ಮನೆ, ಆ ಮನೆಯ ಹಿಂದೆ ಇನ್ನೊಂದು ಗಾಡಿಯ ಮೇಲೆ ದೋಣಿ. "ದೋಸ್ತ್, ಇದರಾಗ ಏನದ? ನಾ ದಿನಾ ಮಾಡೋದೇ ಇದು" ಅಂದ. ನನಗೂ ಪಿಎಚ್‌ಡಿ ಅಧ್ಯಾಯದಿಂದ ತಪ್ಪಿಸಿಕೊಳ್ಳಲು ನೆವ ಬೇಕಿತ್ತು.

ಗುಜರಿಗೆ ಹೋಗಬೇಕಿದ್ದ ಟ್ರಾಲಿಯ ಆಕ್ಸಲ್ ತಂದೆವು. ಅದರ ಪಾಟಾಗಳು ಕಬ್ಬು ಹೊರಲೆಂದು ಮಾಡಿದವು, ಹಗುರ ಮನೆಗೆ ಅವು ಗಡುಸು. ಎರಡು ಎಲೆ ಬಿಚ್ಚಿದಾಗ ಕುಣಿತ ಕಡಿಮೆಯಾಯಿತು. ಎಂಟಡಿ ಉದ್ದ, ಐದಡಿ ಅಗಲದ ಆ್ಯಂಗಲ್ ಚೌಕಟ್ಟು, ಒಳಗೆ ಪ್ಲೈವುಡ್, ಹೊರಗೆ ಅಲ್ಯೂಮಿನಿಯಂ ತಗಡು, ನಡುವೆ ಥರ್ಮಾಕೋಲ್. ಕಲಬುರಗಿಯ ಬಿಸಿಲಿನಲ್ಲಿ ಥರ್ಮಾಕೋಲ್ ಇಲ್ಲದ ತಗಡಿನ ಪೆಟ್ಟಿಗೆ ಎಂದರೆ ತಂದೂರಿ ಒಲೆ. ಹಿಂದಿನ ಬಾಗಿಲು ಮೇಲೆತ್ತಿದರೆ ಅಡುಗೆ ಕಟ್ಟೆ, ಸಿಲಿಂಡರ್ ಹೊರಗೆ. ಕಾಟಾದ ಮೇಲೆ ನಿಲ್ಲಿಸಿದಾಗ 420 ಕಿಲೋ ಬಂತು. ಇಂಥ ಗಾಡಿಯ ಒಟ್ಟು ತೂಕದಲ್ಲಿ ನೂರಕ್ಕೆ 10ರಿಂದ 15ರಷ್ಟು ಮುಂದಿನ ಹುಕ್ಕಿನ ಮೇಲೆ ಬೀಳಬೇಕು. ಹಿಂದೆ ಭಾರ ಹೆಚ್ಚಾದರೆ ವೇಗದಲ್ಲಿ ಗಾಡಿ ಬಾಲ ಬೀಸತೊಡಗುತ್ತದೆ, ಎಳೆಯುವ ವಾಹನವನ್ನೂ ಎಳೆದಾಡುತ್ತದೆ. ಇದನ್ನು ನಾನು ಓದಿ ತಿಳಿದೆ. ಅವನಿಗೆ ಕೈಗೇ ಗೊತ್ತಿತ್ತು.

ಆಮೇಲೆ ದೋಣಿ. ಮೀನು ಹಿಡಿಯುವವರಿಂದ ಹಳೆಯ ಫೈಬರ್ ತೆಪ್ಪವೊಂದನ್ನು ಕೊಂಡು, ಅದಕ್ಕೆ ಎರಡು ಗಾಲಿಯ ಬಂಡಿ ಮಾಡಿ, ಖಾಲಿ ಮೈದಾನದಲ್ಲಿ ಮನೆಯ ಹಿಂದೆ ಸಿಕ್ಕಿಸಿ ಜೀಪಿನಿಂದ ಎಳೆದೆವು. ಮುಂದಕ್ಕೆ ಹೋಗುವಾಗ ರಾಜನ ಮೆರವಣಿಗೆ. ಹಿಂದಕ್ಕೆ ತೆಗೆದುಕೊಂಡಾಗ ಎರಡು ಕೀಲುಗಳೂ ತಮ್ಮತಮ್ಮ ದಿಕ್ಕು ಹಿಡಿದು, ಮೂರು ಗಾಡಿಗಳೂ ಮಡಚಿ ಕೂತವು. ಬ್ರೇಕ್ ಹಾಕಿದರೆ ಹಿಂದಿನ ಎರಡರ ನೂಕು ಪೂರ್ತಿ ಜೀಪಿನ ಮೇಲೆ. ಗೆಳೆಯ ನಗುತ್ತ ಹೇಳಿದ: "ಡಬಲ್ ಟ್ರಾಲಿ ಡ್ರೈವರ್ ರಿವರ್ಸ್ ತಗೊಳಂಗಿಲ್ಲ ದೋಸ್ತ್. ಇಳಿದು ಹಿಂದಿಂದು ಬಿಚ್ಚತಾನ."

ಆ ಮಾತು ಆಗ ನನಗೆ ತಾಗಲಿಲ್ಲ. ಬಂಡಿ ಬಿಟ್ಟು ತೆಪ್ಪವನ್ನು ಮಗುಚಿ ಮಾಡಿನ ಮೇಲೆ ಕಟ್ಟಿಕೊಂಡು ದೀಪಾವಳಿ ರಜೆಯಲ್ಲಿ ಹುಮನಾಬಾದ ರಸ್ತೆ ಹಿಡಿದೆವು. ಕುರಿಕೋಟಾ ಸೇತುವೆ ದಾಟಿ, ಬೆಣ್ಣೆತೊರಾ ನೀರು ಕಾಣುವ ಕಡೆ ಒಂದಿಷ್ಟು ಹೊತ್ತು ಕಳೆದು, ಕಮಲಾಪುರದ ಹೊರಗೆ ಒಂದು ಬಾಳೆತೋಟದ ಪಕ್ಕ ನಿಂತೆವು. ಕೆಂಪು ಬಾಳೆಗೆ ಹೆಸರಾದ ಊರು, ಸುತ್ತಲೂ ಲಂಬಾಣಿ ತಾಂಡಾಗಳು. ಚಹಾ ಕುದಿಯುತ್ತಿತ್ತು. ರಸ್ತೆಯಲ್ಲಿ ಹೊರಟಿದ್ದ ಅರವತ್ತರ ಆಸುಪಾಸಿನ ಹೆಣ್ಣುಮಗಳೊಬ್ಬಳು ನಿಂತು, ಒಳಗೆ ಬಗ್ಗಿ ನೋಡಿ, ಹಾಸಿಗೆ ಮುಟ್ಟಿ, ಒಲೆ ನೋಡಿ, ನನ್ನನ್ನು ಕೇಳಿದಳು:

"ಛಲೋ ಮಾಡೀರಿ. ಯಾವ ಫ್ಯಾಕ್ಟರಿಗಿ ಹೊಂಟೀರಿ?"

ಎಲ್ಲಿಗೂ ಇಲ್ಲ ಯವ್ವಾ, ಸುಮ್ಮ ತಿರುಗಾಡ್ಲಕ ಬಂದೀವಿ ಅಂದೆ. "ಸುಮ್ಮ?" ಎಂದು ಒಮ್ಮೆ ನನ್ನ ಮುಖ ನೋಡಿ ಹೋದಳು.

ಮನೆಯಷ್ಟು ಸಾಮಾನು ಗಾಡಿಗೆ ಹೇರಿಕೊಂಡು ದೀಪಾವಳಿ ಹೊತ್ತಿಗೆ ಹೊರಟವರು ಆಕೆಯ ಪ್ರಪಂಚದಲ್ಲಿ ಕಬ್ಬು ಕಡಿಯಲು ಹೊರಟವರು. ಅದಕ್ಕೆ ಬೇರೆ ಅರ್ಥವೇ ಇಲ್ಲ. ಆಕೆಯ ಪ್ರಶ್ನೆಯಲ್ಲಿ ವ್ಯಂಗ್ಯ ಇರಲಿಲ್ಲ. ನಮ್ಮ ಉತ್ತರವೇ ವಿಚಿತ್ರವಾಗಿತ್ತು.

ಕಬ್ಬಿನ ಹಂಗಾಮು ಎಂದರೆ ಅಕ್ಟೋಬರ್–ನವೆಂಬರಿನಿಂದ ಮಾರ್ಚಿನವರೆಗೆ. ಮುಕಾದಮ ಮುಂಗಡ ಕೊಟ್ಟು ಗ್ಯಾಂಗು ಕಟ್ಟುತ್ತಾನೆ. ಮರಾಠವಾಡದಲ್ಲಿ ಈ ಲೆಕ್ಕದ ಘಟಕದ ಹೆಸರು 'ಕೊಯ್ತಾ', ಅಂದರೆ ಕುಡುಗೋಲು. ಗಂಡ ಹೆಂಡತಿ ಇಬ್ಬರೂ ಸೇರಿ ಒಂದು ಕೊಯ್ತಾ. ಇಬ್ಬರು ಮನುಷ್ಯರನ್ನು ಒಂದು ಉಪಕರಣವೆಂದು ಎಣಿಸುವ ಈ ವ್ಯಾಕರಣದ ಬಗ್ಗೆ ನಮ್ಮ ಭಾಷಾಶಾಸ್ತ್ರ ವಿಭಾಗಗಳಲ್ಲಿ ಎಷ್ಟು ಪ್ರಬಂಧ ಬಂದಿವೆ? ಪಾತ್ರೆ, ಹಾಸಿಗೆ, ಕೋಳಿ, ಕೂಸು ಸಮೇತ ಆ ಕುಟುಂಬ ಟ್ರಾಲಿ ಹತ್ತುತ್ತದೆ. ಹೊಲದ ಬದಿಗೆ ಕೊಪ್ಪಿ ಹಾಕುವವರೆಗೆ ಟ್ರಾಲಿಯೇ ಮನೆ, ತಾಡಪತ್ರಿಯೇ ಮಾಡು. ಕಡಿದ ಕಬ್ಬು ಹೇರಿಕೊಂಡು ಅದೇ ಟ್ರಾಲಿಗಳು ಒಂದರ ಹಿಂದೊಂದು ಸಿಕ್ಕಿಸಿಕೊಂಡು ಆಳಂದ, ಅಫಜಲಪುರದ ರಸ್ತೆಗಳಲ್ಲಿ ರಾತ್ರಿಯಿಡೀ ಓಡಾಡುತ್ತವೆ. ಎಷ್ಟಕ್ಕೋ ಹಿಂದೀಪ ಇಲ್ಲ, ಬ್ರೇಕ್ ಇಲ್ಲ, ಪ್ರತಿಫಲಕ ಇಲ್ಲ. ಮೈದಾನದಲ್ಲಿ ನಾವು ಖಾಲಿ ತೆಪ್ಪ ಕಟ್ಟಿಕೊಂಡು ಆಟವಾಡಿದ ಆ ಎರಡು ಕೀಲಿನ ಅಪಾಯವನ್ನು ಟನ್ನುಗಟ್ಟಲೆ ಕಬ್ಬಿನೊಂದಿಗೆ ಇವರು ದಿನಾ ಎಳೆಯುತ್ತಾರೆ. ಅಮೆರಿಕದ ವಿಡಿಯೊ ನೋಡಿ ಬೆರಗಾದ ನನಗೆ ಡಬಲ್ ಟ್ರಾಲಿ ಹುಟ್ಟಿದಾಗಿನಿಂದ ಕಣ್ಣೆದುರೇ ಇತ್ತು.

ಈಗ ಕಾನೂನಿನ ಮಾತು. ಸಾರಿಗೆ ಇಲಾಖೆಯ ವಾಹನ ವರ್ಗಗಳ ಪಟ್ಟಿಯಲ್ಲಿ 'ಕ್ಯಾಂಪರ್ ವ್ಯಾನ್/ಟ್ರೇಲರ್ (ಖಾಸಗಿ ಬಳಕೆ)' ಎಂಬ ವರ್ಗವೇ ಇದೆ. ಗಾಲಿಯ ಮೇಲೆ ಮಲಗುವುದು ಈ ದೇಶದಲ್ಲಿ ಅಪರಾಧವಲ್ಲ ಎಂದಾಯಿತು. ಆದರೆ ಸರಕಿನ ಟ್ರಾಲಿಯಲ್ಲಿ ಮನುಷ್ಯರು ಕೂತರೆ ಅದು ಅಪರಾಧ. ಕೇರಳ ಮತ್ತು ಮಹಾರಾಷ್ಟ್ರ 2021ರಲ್ಲಿ ಕ್ಯಾರವಾನ್ ಪ್ರವಾಸೋದ್ಯಮ ನೀತಿಗಳನ್ನು ತಂದವು. ಪ್ರವಾಸಿ ಕ್ಯಾರವಾನ್ ನಿಲ್ಲುವ ಪಾರ್ಕಿನಲ್ಲಿ ನೀರು, ವಿದ್ಯುತ್ತು, ಕೊಳಚೆ ವಿಲೇವಾರಿ ಇರಬೇಕು. ಅದೇ ಮಹಾರಾಷ್ಟ್ರದಲ್ಲಿ, ಅದಕ್ಕೆ ಎರಡೇ ವರ್ಷ ಮೊದಲು, 2019ರಲ್ಲಿ, ಬೀಡ ಜಿಲ್ಲೆಯ ಕಬ್ಬು ಕಡಿಯುವ ಹೆಣ್ಣುಮಕ್ಕಳು ಗರ್ಭಕೋಶ ತೆಗೆಸಿಕೊಂಡ ಸುದ್ದಿ ದೇಶದ ತುಂಬ ಚರ್ಚೆಯಾಗಿತ್ತು. ಮುಟ್ಟಿನ ದಿನ ಕೆಲಸ ತಪ್ಪಿದರೆ ದಂಡ, ಸ್ನಾನಕ್ಕೆ ಮರೆ ಇಲ್ಲ, ನೀರಿಲ್ಲ. ರಜೆಗೆ ಬಂದವನ ಗಾಡಿಗೆ ಯಾವ ಸೌಕರ್ಯ ನೀತಿಯಾಗುತ್ತದೋ ಅದೇ ಸೌಕರ್ಯ ದುಡಿಯಲು ಬಂದವಳಿಗೆ ಇಲ್ಲವೆಂದರೆ, ಕೊರತೆ ಹಣದ್ದೋ ತಂತ್ರಜ್ಞಾನದ್ದೋ ಎಂದು ಯಾರೂ ಹೇಳಬಾರದು.

ಇತಿಹಾಸವನ್ನೂ ನೆನೆಯೋಣ. 'ತಾಂಡಾ' ಎಂದರೆ ಮೊದಲಿಗೆ ಊರಲ್ಲ, ಧಾನ್ಯ, ಉಪ್ಪು ಹೊತ್ತ ಎತ್ತುಗಳ ಸಾಲು. ಕ್ಯಾರವಾನ್ ಎಂಬ ಪದಕ್ಕೆ ನಾವು ಪರದೇಶದ ಕಡೆ ನೋಡಬೇಕಿರಲಿಲ್ಲ, ಕಮಲಾಪುರದ ದಾರಿಯ ಫಲಕಗಳಲ್ಲೇ ಅದು ಬರೆದಿದೆ. 1871ರಲ್ಲಿ ಮುಂಬೈ ಮತ್ತು ಮದ್ರಾಸಿನ ರೈಲು ಮಾರ್ಗಗಳು ರಾಯಚೂರಿನಲ್ಲಿ ಕೂಡಿದವು. ಎತ್ತಿನ ಬೆನ್ನಿನ ವ್ಯಾಪಾರಕ್ಕೆ ಇಂಥ ಹಳಿಗಳೇ ಮುಳುವಾದವು. ಬ್ರಿಟಿಷರು ಅಪರಾಧಿ ಬುಡಕಟ್ಟು ಕಾಯ್ದೆಯನ್ನು ಮೊದಲು ಉತ್ತರ ಭಾರತದಲ್ಲಿ ಜಾರಿಗೆ ತಂದದ್ದೂ ಅದೇ ವರ್ಷ. ತಿರುಗಾಡುವುದೇ ಅನುಮಾನಕ್ಕೆ ಕಾರಣವಾಯಿತು. ನಮ್ಮ ಪಕ್ಕದ ಸೊಲ್ಲಾಪುರದಲ್ಲಿ ಬೇಲಿ ಹಾಕಿದ 'ಸೆಟ್ಲಮೆಂಟ್' ಎದ್ದಿತು. 1952ರಲ್ಲಿ ಕಾಯ್ದೆ ಹೋಯಿತು, ಪೊಲೀಸರ ಕಣ್ಣು ಹೋಗಲಿಲ್ಲ. ಅಂದರೆ ಅಲೆದಾಟ ಒಮ್ಮೆ ಕಸುಬಾಗಿತ್ತು, ನಂತರ ಅಪರಾಧವಾಯಿತು, ಈಗ ಕೂಲಿಯಾಗಿದೆ. ಕವಿಯ ಬೆನ್ನುಪುಟದಲ್ಲಿ ಮಾತ್ರ ಅದು ಸ್ವಾತಂತ್ರ್ಯ.

ಒಂದು ಆಕ್ಷೇಪ ಬಂದೇ ಬರುತ್ತದೆ: 'ಟ್ರಾಲಿಯ ಬದುಕನ್ನು ಸುಧಾರಿಸಿ ಎನ್ನುವುದು ಗುಳೆಯನ್ನು ಒಪ್ಪಿಕೊಂಡಂತೆ. ಅವರಿಗೆ ಬೇಕಾದದ್ದು ನೆಲದ ಮೇಲಿನ ಮನೆ.' ಸರಿಯಾದ ಮಾತು. 2023ರ ಜನವರಿ 19ರಂದು ನಮ್ಮದೇ ಜಿಲ್ಲೆಯ ಮಳಖೇಡದಲ್ಲಿ ಐದು ಜಿಲ್ಲೆಗಳ ತಾಂಡಾಗಳ 50 ಸಾವಿರಕ್ಕೂ ಹೆಚ್ಚು ಕುಟುಂಬಗಳಿಗೆ ಹಕ್ಕುಪತ್ರ ಕೊಡಲಾಯಿತು. ಅದು ಸಣ್ಣ ಸಂಗತಿಯಲ್ಲ, ತಲೆಮಾರುಗಳು ಕಾದ ಕಾಗದ ಅದು. ಆದರೆ ತಾಂಡಾದ ಮನೆಗೆ ಹಕ್ಕುಪತ್ರ ಸಿಕ್ಕ ಮಾತ್ರಕ್ಕೆ ಹೊಲಕ್ಕೆ ನೀರು ಬರುವುದಿಲ್ಲ. ಬೀಗ ಹಾಕಿದ ಬಾಗಿಲಿನ ಹಿಂದೆ ಹಕ್ಕುಪತ್ರ ಟ್ರಂಕಿನಲ್ಲಿರುತ್ತದೆ, ಅದರ ಒಡತಿ ಮಾರ್ಚಿನವರೆಗೆ ಟ್ರಾಲಿಯಲ್ಲಿರುತ್ತಾಳೆ. ಮುಂದೊಂದು ದಿನ ಗುಳೆ ನಿಲ್ಲಲಿ. ಅಲ್ಲಿಯವರೆಗೆ ಆಕೆ ಕತ್ತಲಲ್ಲಿ ದೀಪವಿಲ್ಲದ ಗಾಡಿಯಲ್ಲೇ ಹೋಗಲಿ ಎನ್ನುವುದು ಆದರ್ಶದ ವೇಷ ಹಾಕಿದ ಉದಾಸೀನ.

ದೋಣಿಯದೂ ಇದೇ ಕಥೆ. 2020ರ ಅಕ್ಟೋಬರಿನಲ್ಲಿ ಭೀಮಾ ಉಕ್ಕಿ ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ಹಳ್ಳಿಗಳು ನೀರಿನಲ್ಲಿ ನಿಂತಾಗ ಸೈನ್ಯ ಮತ್ತು ಎನ್‌ಡಿಆರ್‌ಎಫ್ ಬರಬೇಕಾಯಿತು. ಅವರು ಜೀವ ಉಳಿಸಿದರು, ಅದರಲ್ಲಿ ಎರಡು ಮಾತಿಲ್ಲ. ಆದರೆ ಹೊಳೆ ಏರುವುದಕ್ಕೂ ದೂರದ ದೋಣಿ ತಲುಪುವುದಕ್ಕೂ ನಡುವಿನ ಹೊತ್ತು ಹಳ್ಳಿಯವರದೇ. ಎರಡು ಗಾಲಿ, ಒಂದು ಹುಕ್ಕು, ಮೇಲೊಂದು ತೆಪ್ಪ: ಇದನ್ನು ಶಹಾಬಜಾರದ ಯಾವ ವೆಲ್ಡರ್ ಬೇಕಾದರೂ ಒಂದು ವಾರದಲ್ಲಿ ಮಾಡಿಕೊಡುತ್ತಾನೆ. ನಾವು ಮೋಜಿಗೆ ಮಾಡಿ ಮೂಲೆಗಿಟ್ಟ ಆ ಬಂಡಿಯಂಥದ್ದು ಭೀಮಾ ದಂಡೆಯ ದೊಡ್ಡ ಹಳ್ಳಿಗಳಲ್ಲಿ ಮಳೆಗಾಲಕ್ಕೆ ಮೊದಲೇ ನಿಂತಿದ್ದರೆ, ಟ್ರ್ಯಾಕ್ಟರಿಗೆ ಸಿಕ್ಕಿಸಿ ಹೊರಡುವುದಷ್ಟೇ ಕೆಲಸ.

ಹಾಗಾದರೆ ಏನು ಬೇಕು? ಕಬ್ಬಿನ ಟ್ರಾಲಿಗೆ ಹಿಂದೀಪ, ಪ್ರತಿಫಲಕ, ಬ್ರೇಕ್ ಕಡ್ಡಾಯವಾಗಲಿ. ಅದರ ಖರ್ಚನ್ನು ಕಬ್ಬು ನುರಿಸುವವರು ಹೊರಲಿ, ಕೂಲಿಯ ಮುಂಗಡದಿಂದ ಮುರಿದುಕೊಳ್ಳಬಾರದು. ಜನರನ್ನು ಕರೆದೊಯ್ಯಲು ಸರಕಿನ ಟ್ರಾಲಿಯ ಬದಲು ಬಸ್ಸು ಬರಲಿ. ಗ್ಯಾಂಗು ಇಳಿಯುವ ಜಾಗದಲ್ಲಿ ನೀರು, ಶೌಚಾಲಯ, ಬಲ್ಬು ಇರಲಿ. ಸಣ್ಣ ಅಂಗಡಿಯವ ಕಟ್ಟಿದ ಟ್ರೇಲರನ್ನು ಪರೀಕ್ಷಿಸಿ ನೋಂದಾಯಿಸಲು ಸರಳ ದಾರಿ ಇರಲಿ. ನಮ್ಮದನ್ನು ನೋಂದಾಯಿಸಬಹುದೇ ಎಂದು ವಿಚಾರಿಸಲು ಹೋದ ಕಚೇರಿಯಲ್ಲಿ ಮೂರು ಮೇಜು ತಿರುಗಿದ ಮೇಲೆ ಸಿಕ್ಕ ಉತ್ತರ ಇಷ್ಟೇ: "ಇದು ಟ್ರಾಲಿನೋ ಮನಿನೋ ಮೊದಲ ಹೇಳ್ರಿ." ಆ ಗುಮಾಸ್ತರಿಗೆ ಗೊತ್ತಿಲ್ಲದೆಯೇ ಸರಿಯಾದ ಪ್ರಶ್ನೆ ಕೇಳಿದ್ದರು. ಸಾವಿರಾರು ಟ್ರಾಲಿಗಳು ಆರು ತಿಂಗಳು ಎರಡೂ ಆಗಿರುತ್ತವೆ.

ಬರೆಯುವವರಿಗೆ ನನ್ನ ಕೋರಿಕೆ ಇನ್ನೂ ಸಣ್ಣದು. ನಮ್ಮ ಊರಿನಿಂದ ಕಮಲಾಪುರ, ಹುಮನಾಬಾದ ದಾಟಿ ಹೋದರೆ ಬಸವಕಲ್ಯಾಣ. ಸ್ಥಾವರ–ಜಂಗಮದ ಬಗ್ಗೆ ವಿಚಾರ ಸಂಕಿರಣಕ್ಕೆಂದು ಆ ರಸ್ತೆಯಲ್ಲಿ ನಾವು ಎಷ್ಟೋ ಸಲ ಹೋಗಿದ್ದೇವೆ, ಬಸ್ಸಿನ ಕಿಟಕಿಯಿಂದ ಟ್ರಾಲಿಗಳನ್ನು ಹಿಂದೆ ಹಾಕುತ್ತ. ಇನ್ನು ಮೇಲೆ 'ಅಲೆಮಾರಿ' ಎಂದು ಬರೆಯುವ ಮೊದಲು ಯಾರು ಹೊರಟರು, ಯಾರು ಹೊರಡಿಸಿದರು, ಮುಂಗಡ ಎಷ್ಟು, ಮಗುವಿನ ಶಾಲೆ ಏನಾಯಿತು ಎಂದು ಕೇಳಿಕೊಳ್ಳೋಣ. ಉತ್ತರವಿಲ್ಲದಿದ್ದರೆ 'ಪ್ರವಾಸಿ' ಎಂಬ ಪ್ರಾಮಾಣಿಕ ಪದ ಕನ್ನಡದಲ್ಲಿದೆ.

ನಮ್ಮ ಟ್ರೇಲರ್ ಈಗ ಅಂಗಡಿಯ ಮುಂದೆ ನಿಂತಿದೆ, ಅದರಲ್ಲಿ ವೆಲ್ಡಿಂಗ್ ರಾಡು ಇಡುತ್ತಾನೆ. ಗೆಳೆಯ ಅಂದಿನಿಂದ ತಾನು ಮಾಡುವ ಪ್ರತಿ ಟ್ರಾಲಿಗೂ ಹಿಂದೀಪದ ತಂತಿ ಎಳೆದು ಕೆಂಪು ಪ್ರತಿಫಲಕ ಹಚ್ಚಿಯೇ ಕಳಿಸುತ್ತಾನೆ. ಗಿರಾಕಿಗಳು ಅದರ ದುಡ್ಡು ಕೊಡುವುದಿಲ್ಲ, ಚೌಕಾಸಿ ಮಾಡುತ್ತಾರೆ. "ಇರಲಿ, ಹಿಂದ ಬರೋನಿಗಿ ಕಾಣಬೇಕಲ್ಲ" ಅನ್ನುತ್ತಾನೆ.