ಸನ್‌ಸ್ಕ್ರೀನ್ ಕೆಳಗೆ ಎರಡೇ ಪದರ ಸಾಕು, ಉಳಿದದ್ದು ವ್ಯಾಪಾರ

1/7
ಮೊದಲೇ ಹೇಳಿಬಿಡ್ತೀನಿ, ಇದು ರಿವ್ಯೂ ಅಲ್ಲ, ಜಗಳ. ಕೂಪನ್ ಕೋಡ್ ಇಲ್ಲ, ಬಯೋದಲ್ಲಿ ಲಿಂಕೂ ಇಲ್ಲ.

ಈ ಬೇಸಿಗೆ ಶುರುವಿನಲ್ಲಿ ಒಂದು ದಿನ ಕಾಲೇಜಲ್ಲಿ ಸೆಮಿನಾರ್ ಇತ್ತು, ಮಾತಾಡೋಳು ನಾನೇ. ಬೆಳಿಗ್ಗೆ ಐದೂವರೆಗೆ ಎದ್ದು, ರೀಲ್‌ನಲ್ಲಿ ತೋರಿಸಿದ ಕ್ರಮದಲ್ಲೇ ಹಚ್ಚಿದೆ. ಫೇಸ್ ವಾಶ್, ಟೋನರ್, ವಿಟಮಿನ್ ಸಿ ಸೀರಮ್, ನಿಯಾಸಿನಮೈಡ್ ಸೀರಮ್, ಹೈಲುರಾನಿಕ್ ಸೀರಮ್, ಮಾಯಿಶ್ಚರೈಸರ್, ಎಲ್ಲದರ ಮೇಲೆ ಸನ್‌ಸ್ಕ್ರೀನ್. ದೇಶನೂರಿನಲ್ಲಿ ಬಸ್ ಹತ್ತಿ ಸಿರುಗುಪ್ಪ ಬಸ್ ಸ್ಟ್ಯಾಂಡ್ ಬರೋದ್ರೊಳಗೆ ಬೆವರು ಒರೆಸಿಕೊಂಡೆ. ಕರ್ಚೀಫಿನಲ್ಲಿ ಬಿಳಿ ಬಿಳಿ ಉಂಡೆ. ರಬ್ಬರಿನಿಂದ ಪೆನ್ಸಿಲ್ ಅಳಿಸಿದಾಗ ಉದುರುತ್ತಲ್ಲ, ಥೇಟ್ ಹಾಗೆ. ಕೆನ್ನೆ ಮೇಲೆ ತೇಪೆ ತೇಪೆ.

ಸಂಜೆ ಅಮ್ಮ ನೋಡಿ ಅಂದಳು: "ಏನವಾ, ಮಕಕ್ಕ ಏನ್ ಬಳ್ಕಂಡೀ? ಹಳೇ ಗ್ವಾಡಿ ಸುಣ್ಣ ಉದುರಿದಂಗ ಉದುರಾಕತ್ತೈತಿ."

ನಾನು ತಪ್ಪು ನಂದೇ ಅಂದ್ಕೊಂಡೆ. "ಸರಿಯಾಗಿ ಲೇಯರ್ ಮಾಡೋಕೆ ಬರಲ್ಲ" ಅಂತ ಇನ್ನೂ ನಾಲ್ಕು ರೀಲ್ ನೋಡಿದೆ. ನಾಲ್ಕರಲ್ಲೂ ಪರಿಹಾರ ಒಂದೇ: ಇನ್ನೊಂದು ಪ್ರಾಡಕ್ಟ್ ಕೊಳ್ಳಿ.

2/7
ಉಂಡೆ ಯಾಕೆ ಬರುತ್ತೆ ಅಂತ ಆಮೇಲೆ ಓದಿ ತಿಳ್ಕೊಂಡೆ. ಗುಟ್ಟೇನೂ ಇಲ್ಲ.

ಸನ್‌ಸ್ಕ್ರೀನ್ ಕೆಲಸ ಮಾಡೋದು ಚರ್ಮದ ಮೇಲೆ ಒಂದೇ ಸಮನಾದ ತೆಳು ಪೊರೆ ಕೂತಾಗ. ಕೆಳಗಿನ ಸೀರಮ್ ಇನ್ನೂ ಒದ್ದೆ ಇದ್ರೆ ಪೊರೆ ಕೂರಲ್ಲ. ಎಷ್ಟೋ ಸೀರಮ್‌ಗಳಲ್ಲಿ ಗೋಂದಿನ ಥರದ ಅಂಶ ಇರುತ್ತೆ, ಎಷ್ಟೋ ಕ್ರೀಮ್‌ಗಳಲ್ಲಿ ಡೈಮೆಥಿಕೋನ್ ಅನ್ನೋ ಸಿಲಿಕೋನ್ ಇರುತ್ತೆ. ಇವನ್ನು ಒಂದರ ಮೇಲೊಂದು ಹಚ್ಚಿ ಉಜ್ಜಿದ್ರೆ ಸುತ್ತಿಕೊಂಡು ಉಂಡೆಯಾಗಿ ಎದ್ದು ಬರ್ತವೆ.

ಉಂಡೆ ಬಂದ್ರೆ ಬರೀ ಚೆಂದ ಕೆಡೋದಲ್ಲ. ಎದ್ದು ಹೋದ ಜಾಗದಲ್ಲಿ ಸನ್‌ಸ್ಕ್ರೀನೂ ಹೋಯ್ತು. ನೀವು ಎಸ್‌ಪಿಎಫ್ 50ಕ್ಕೆ ದುಡ್ಡು ಕೊಟ್ಟು, ಬಿಸಿಲಲ್ಲಿ ತೂತು ಬಿದ್ದ ಕೊಡೆ ಹಿಡ್ಕೊಂಡು ನಿಂತಿದ್ದೀರಿ. ನಮ್ಮ ಕಡೆ ಏಪ್ರಿಲ್-ಮೇ ಮಧ್ಯಾಹ್ನ ಫೋನಿನ ಹವಾಮಾನ ಆ್ಯಪ್ ತೆಗೆದು ಯುವಿ ಇಂಡೆಕ್ಸ್ ನೋಡಿ. 11 ಮತ್ತು ಅದಕ್ಕಿಂತ ಮೇಲಿದ್ರೆ ಅದು "ವಿಪರೀತ" ಅಂತ ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ. ಆ ಬಿಸಿಲಿಗೆ ತೂತು ಕೊಡೆ ಸಾಕಾ?

3/7
ಈಗ ಲೆಕ್ಕ. ಬಿಕಾಂ ಓದ್ತಿರೋದು ಸುಮ್ನೆ ಅಲ್ಲ.

ಮಕ್ಕಳಿಗೆ ಟ್ಯೂಷನ್ ಹೇಳಿ ಕೂಡಿಟ್ಟ ದುಡ್ಡಲ್ಲಿ ನಾನು ಕೊಂಡದ್ದು: ಟೋನರ್ 349, ವಿಟಮಿನ್ ಸಿ 549, ನಿಯಾಸಿನಮೈಡ್ 499, ಹೈಲುರಾನಿಕ್ 399. ಒಟ್ಟು 1,796 ರೂಪಾಯಿ. ಸನ್‌ಸ್ಕ್ರೀನ್ 50 ಗ್ರಾಂ ಟ್ಯೂಬ್ 399. ಅಂದ್ರೆ ಆ ನಾಲ್ಕು ಬಾಟಲಿಯ ದುಡ್ಡಿಗೆ ನಾಲ್ಕೂವರೆ ಟ್ಯೂಬ್ ಸನ್‌ಸ್ಕ್ರೀನ್ ಬರ್ತಿತ್ತು.

ಎಸ್‌ಪಿಎಫ್ ಅಳೆಯೋವಾಗ ಪ್ರಯೋಗಾಲಯದಲ್ಲಿ ಪ್ರತಿ ಚದರ ಸೆಂಟಿಮೀಟರ್ ಚರ್ಮಕ್ಕೆ 2 ಮಿಲಿಗ್ರಾಂ ಹಚ್ತಾರೆ. ಮುಖ, ಕುತ್ತಿಗೆಗೆ ಅದು ತೋರುಬೆರಳು, ನಡುಬೆರಳು ಎರಡರ ಉದ್ದಕ್ಕೂ ಹಿಂಡಿದಷ್ಟು. ಒಂದು ಗ್ರಾಂ ಅಂತ ಹಿಡಿಯಿರಿ. ದಿನಕ್ಕೆ ಒಂದೇ ಸಲ ಹಚ್ಚಿದ್ರೂ 50 ಗ್ರಾಂ ಟ್ಯೂಬ್ 50 ದಿನಕ್ಕೆ ಮುಗೀಬೇಕು. ನಂದು ನಾಲ್ಕು ತಿಂಗಳು ಬಂದಿತ್ತು! ತುಟ್ಟಿ ಅಂತ ಕಡಲೆಕಾಳಿನಷ್ಟು ಹಚ್ತಿದ್ದೆ. ಕೆಳಗೆ ಮಾತ್ರ ನಾಲ್ಕು ಬಾಟಲಿ ಸುರೀತಿದ್ದೆ. ಬುನಾದಿಗೆ ಗ್ರಾನೈಟ್ ಹಾಕಿ ಮೇಲೆ ತಗಡು ಹೊದಿಸಿದ ಮನೆ.

4/7
ಹಾಗಾದ್ರೆ ಹೇಗೆ ಹಚ್ಚಬೇಕು? ಸೇವ್ ಮಾಡ್ಕೊಳ್ಳಿ, ಇಷ್ಟೇ.

• ಮುಖ ತೊಳೆದು ಒತ್ತಿ ಒರೆಸಿ.
• ಸೀರಮ್ ಬೇಕೇ ಬೇಕು ಅಂದ್ರೆ ಒಂದೇ ಒಂದು. ನೀರಿನಂತೆ ತೆಳ್ಳಗಿರೋದು, ಎರಡು ಮೂರು ಹನಿ. ಇಲ್ಲದಿದ್ರೂ ನಡೆಯುತ್ತೆ.
• ಮಾಯಿಶ್ಚರೈಸರ್ ಬಟಾಣಿಯಷ್ಟು. ಎಣ್ಣೆ ಚರ್ಮದವರು ಬೇಸಿಗೆಯಲ್ಲಿ ಇದನ್ನೂ ಬಿಡಬಹುದು.
• ಐದು ನಿಮಿಷ ಕಾಯಿರಿ. ಜಡೆ ಹಾಕ್ಕೊಳ್ಳಿ, ಬುತ್ತಿ ಕಟ್ಕೊಳ್ಳಿ. ಮುಟ್ಟಿದ್ರೆ ಕೈಗೆ ಅಂಟಬಾರದು.
• ಸನ್‌ಸ್ಕ್ರೀನ್ ಎರಡು ಬೆರಳಿನಷ್ಟು, ಎರಡು ಸಲ ಮಾಡಿ ಹಚ್ಚಿ. ಹರಡಿ, ಆಮೇಲೆ ತಟ್ಟಿ. ಗಸಗಸ ಉಜ್ಜಬೇಡಿ. ಕಿವಿ, ಕುತ್ತಿಗೆ ಮರೀಬೇಡಿ.
• ಹದಿನೈದು ನಿಮಿಷ ಆದ್ಮೇಲೆ ಬಿಸಿಲಿಗೆ. ಪೌಡರ್ ಹಚ್ಚೋದಿದ್ರೆ ಸನ್‌ಸ್ಕ್ರೀನ್ ಒಣಗಿದ ಮೇಲೆ.
• ಹೊರಗೇ ಇದ್ರೆ ಎರಡು ಗಂಟೆಗೊಮ್ಮೆ ಮತ್ತೆ.

ಅಂಗೈಯಲ್ಲಿ ಕ್ರೀಮ್, ಸನ್‌ಸ್ಕ್ರೀನ್ ಕಲಸಿ ಹಚ್ಚೋ ಚಾಳಿ ಬಿಡಿ. ಹಾಲಿಗೆ ನೀರು ಬೆರೆಸಿದ ಹಾಗೆ, ಸನ್‌ಸ್ಕ್ರೀನ್ ತೆಳುವಾಗುತ್ತೆ. ಕೊಬ್ಬರಿ ಎಣ್ಣೆ ರಾತ್ರಿಗಿರಲಿ. ಅದರ ಮೇಲೆ ಸನ್‌ಸ್ಕ್ರೀನ್ ಜಾರುತ್ತೆ. ರೆಟಿನಾಲ್ ಇದ್ರೆ ಅದೂ ರಾತ್ರಿಗೇ.

5/7
ಇನ್ನೊಂದು ಪದರ ಇದೆ, ಅದು ಸನ್‌ಸ್ಕ್ರೀನ್ ಕೆಳಗೆ ಇರಲೇಬಾರದು.

ನಮ್ಮ ಚಿಕ್ಕಮ್ಮನಿಗೆ ಕೆನ್ನೆ ಮೇಲೆ ಬಂಗು. ಯಾರೋ ಹೇಳಿದ್ರು ಅಂತ ಮೆಡಿಕಲ್ ಶಾಪಿಂದ ಒಂದು ಸಣ್ಣ ಟ್ಯೂಬ್ ತಂದ್ಳು. ಚೀಟಿ ಇಲ್ಲ, ಡಾಕ್ಟ್ರಿಲ್ಲ. ಎರಡು ವಾರದಲ್ಲಿ ಮುಖ ಬೆಳ್ಳಗಾಯ್ತು, ಓಣಿಯವರೆಲ್ಲ ಹೆಸರು ಕೇಳಿದ್ರು. ಮೂರು ತಿಂಗಳಿಗೆ ಚರ್ಮ ಕೆಂಪಾಗಿ, ತೆಳುವಾಗಿ, ಒಲೆ ಮುಂದೆ ಕೂತ್ರೂ ಉರಿ. ಬಿಟ್ಟ ಮೇಲೆ ಬಂಗು ಮೊದಲಿಗಿಂತ ಕಪ್ಪಾಗಿ ಬಂತು. ಟ್ಯೂಬ್ ಮೇಲೆ ಸಣ್ಣಕ್ಷರದಲ್ಲಿ ಸ್ಟೀರಾಯ್ಡ್ ಹೆಸರಿತ್ತು. 2018ರಲ್ಲೇ ಕೇಂದ್ರ ಸರ್ಕಾರ ಇಂಥ ಸ್ಟೀರಾಯ್ಡ್ ಕ್ರೀಮ್‌ಗಳನ್ನು ಶೆಡ್ಯೂಲ್ ಎಚ್‌ಗೆ ಸೇರಿಸಿದೆ. ಡಾಕ್ಟರ್ ಚೀಟಿ ಇಲ್ಲದೆ ಕೊಡೋ ಹಾಗಿಲ್ಲ. ಕೊಡ್ತಾರೆ, ನಾವು ತಗೋತೀವಿ, ಯಾಕಂದ್ರೆ ನಮಗೆ ಬೇಕಿರೋದು ಬಿಳುಪು.

ಇದೇ ನನ್ನ ಮುಖ್ಯ ಜಗಳ. ಫೇರ್ ಅಂಡ್ ಲವ್ಲಿ 1975ರಲ್ಲಿ ಬಂತು, 2020ರಲ್ಲಿ ಗ್ಲೋ ಅಂಡ್ ಲವ್ಲಿ ಆಯ್ತು. "ಬಿಳುಪು" ಅನ್ನೋಕೆ ನಾಚಿಕೆಯಾಗಿ ಎಲ್ಲರೂ ಈಗ "ಗ್ಲೋ" ಅಂತಾರೆ. ಸನ್‌ಸ್ಕ್ರೀನನ್ನೂ "ಕಪ್ಪಾಗಬೇಡಿ" ಅಂತಲೇ ಮಾರ್ತಾರೆ. ನಾನು ಕಪ್ಪಗಿದ್ದೀನಿ, ಕಪ್ಪಗೇ ಇರ್ತೀನಿ. ಸನ್‌ಸ್ಕ್ರೀನ್ ಹಚ್ಚೋದು ಸುಡಬಾರದು ಅಂತ, ಮೊಡವೆ ಕಲೆ ಗಟ್ಟಿಯಾಗಬಾರದು ಅಂತ, ಬಂಗು ಹರಡಬಾರದು ಅಂತ. "ಕಪ್ಪಗಿರೋರಿಗೆ ಯಾಕೆ ಅದೆಲ್ಲ" ಅನ್ನೋರಿಗೂ ಇದೇ ಉತ್ತರ. ಕಪ್ಪು ಚರ್ಮ ಸ್ವಲ್ಪ ಮಟ್ಟಿಗೆ ಕಾಯುತ್ತೆ ನಿಜ, ಆದ್ರೆ ಕಲೆ, ಬಂಗು ನಮ್ಮಂಥ ಚರ್ಮದಲ್ಲೇ ಬೇಗ ಬರೋದು, ನಿಧಾನ ಹೋಗೋದು.

6/7
"ನಮ್ಮ ದುಡ್ಡು, ನಮ್ಮ ಖುಷಿ, ನಿಂಗೇನು?" ಅಂತ ಹೋದ ಭಾಗಕ್ಕೆ ಒಬ್ರು ಬರೆದಿದ್ರು. ಅಕ್ಕಾ, ಖುಷಿಗೆ ಹಚ್ಚೋರ ಜೊತೆ ನನ್ನ ಜಗಳ ಇಲ್ಲ. ಏಳು ಹಚ್ಚದಿದ್ರೆ ಚರ್ಮ ಹಾಳಾಗುತ್ತೆ ಅಂತ ಹೆದರಿಸಿ ಮಾರೋರ ಜೊತೆ ಇದೆ. ದುಡ್ಡು ತಗೊಂಡು ಹೇಳ್ತಿದ್ರೆ ಜಾಹೀರಾತು ಅಂತ ಲೇಬಲ್ ಹಾಕ್ಬೇಕು ಅಂತ ಎಎಸ್‌ಸಿಐ 2021ರಲ್ಲೇ ನಿಯಮ ಮಾಡಿದೆ. ನೀವು ನೋಡೋ ಎಷ್ಟು ರೀಲ್‌ನಲ್ಲಿ ಆ ಲೇಬಲ್ ಇದೆ, ಇವತ್ತೇ ಎಣಿಸಿ.

ಸರ್ಕಾರದ ಜೊತೆಗೂ ಇದೆ. 2025ರ ಸೆಪ್ಟೆಂಬರ್ 22ರಿಂದ ಫೇಸ್ ಪೌಡರ್, ಟಾಲ್ಕಂ ಪೌಡರ್ ಮೇಲಿನ ಜಿಎಸ್‌ಟಿ ಶೇ 18ರಿಂದ ಶೇ 5ಕ್ಕೆ ಇಳೀತು. ಸನ್‌ಸ್ಕ್ರೀನ್ ಶೇ 18ರಲ್ಲೇ ಉಳೀತು. ನನ್ನ 399ರ ಟ್ಯೂಬಿನಲ್ಲಿ ಸುಮಾರು 61 ರೂಪಾಯಿ ತೆರಿಗೆ. ಶೇ 5 ಆಗಿದ್ರೆ ಅದೇ ಟ್ಯೂಬ್ 355ಕ್ಕೆ ಬರ್ತಿತ್ತು. ಮುಖ ಬೆಳ್ಳಗೆ ಕಾಣಿಸೋ ಪೌಡರ್ ದಿನಬಳಕೆ ವಸ್ತು, ಬಿಸಿಲಿಂದ ಕಾಯೋದು ಶೋಕಿ. ಇದು ಯಾವ ನ್ಯಾಯ?

7/7
ನಮ್ಮಮ್ಮ ಭತ್ತದ ನಾಟಿಗೆ ಹೋಗ್ತಾಳೆ. ಸೀರೆ ಮೇಲೆ ಅಪ್ಪನ ತುಂಬುತೋಳಿನ ಶರ್ಟು, ತಲೆಗೆ ಟವೆಲ್ಲು. ಕಾಲೇಜಿಗೆ ಸೇರಿದ ಹೊಸದರಲ್ಲಿ ಆ ಶರ್ಟು ನೋಡಿ ನಂಗೆ ನಾಚಿಕೆ ಆಗ್ತಿತ್ತು. ಈಗ ಗೊತ್ತು: ಬಿಸಿಲಿಗೆ ಮೊದಲು ನೆರಳು, ಆಮೇಲೆ ಬಟ್ಟೆ, ಬಟ್ಟೆ ಮುಚ್ಚದ ಜಾಗಕ್ಕೆ ಸನ್‌ಸ್ಕ್ರೀನ್. ವೈದ್ಯರು ಹೇಳೋ ಕ್ರಮವೂ ಇದೇ. ಅಮ್ಮ ಮೊದಲಿನಿಂದಲೂ ಅರ್ಧಕ್ಕಿಂತ ಹೆಚ್ಚು ಸರಿ ಮಾಡ್ತಾ ಬಂದಿದ್ದಾಳೆ, ಯಾವ ರೀಲೂ ನೋಡದೆ. ಬಾಕಿ ಉಳಿದಿದ್ದು ಮುಖ ಮಾತ್ರ. ಗದ್ದೆ ನೀರಿಂದ ತಿರುಗಿ ಹೊಡೆಯೋ ಬಿಸಿಲೂ ಅಲ್ಲಿಗೇ ಬೀಳೋದು.

ಈ ತಿಂಗಳ ಟ್ಯೂಷನ್ ದುಡ್ಡಲ್ಲಿ ಎರಡು ಟ್ಯೂಬ್ ತಂದೆ. ಒಂದು ಅಮ್ಮನ ಶರ್ಟಿನ ಜೇಬಲ್ಲಿಟ್ಟೆ. "ಇದೇನು, ಬೆಳ್ಳಗಾಗಾಕ?" ಅಂದ್ಳು. ಅಲ್ಲ ಅಂದೆ. "ಮತ್ಯಾತಕ್ಕ?" ಅಂದ್ಳು. ಕೆನ್ನೆ ಮೇಲಿನ ಕಲೆ ಮುಟ್ಟಿ ತೋರಿಸಿದೆ. ಮಾತಾಡದೆ ಜೇಬಿನ ಗುಂಡಿ ಹಾಕ್ಕೊಂಡಳು.

ನಿಮ್ಮ ಮನೆ ಕನ್ನಡಿ ಮುಂದೆ ಎಷ್ಟು ಬಾಟಲಿ ಇವೆ, ಬಿಸಿಲಿಗೆ ಹೋಗೋರ ಕೈಯಲ್ಲಿ ಎಷ್ಟಿವೆ? ಎಣಿಸಿ ಕಮೆಂಟಲ್ಲಿ ಬರೀರಿ. ಮುಂದಿನ ಭಾಗ: 400 ರೂಪಾಯಿ ಒಳಗೆ ಸನ್‌ಸ್ಕ್ರೀನ್ ಆರಿಸೋವಾಗ ಲೇಬಲ್ ಮೇಲೆ ಏನೇನು ನೋಡ್ಬೇಕು.

#ದೇಶನೂರು #ಸಿರುಗುಪ್ಪ #ಬಿಸಿಲಬಳ್ಳಾರಿ #ಎರಡೇಪದರ