ಕಳೆದುಹೋದ ವರ್ಷಗಳಿಗೆ ಯಾರು ಹೊಣೆ?

ಶ್ರೀಗಂಧದ ಕಾವಲ್‌ನ ನಮ್ಮ ಮನೆಯ ಮೇಲಿನ ಎರಡು ಅಂತಸ್ತುಗಳಲ್ಲಿ ಬಾಡಿಗೆಯವರಿದ್ದಾರೆ. ಹೆಚ್ಚಿನವರು ಪೀಣ್ಯದ ಕಾರ್ಖಾನೆಗಳಿಗೆ ಹೋಗುವ ಹುಡುಗರು. ಯಾರೇ ಬರಲಿ, ಆಧಾರ್ ಪ್ರತಿ ಇಸಿದುಕೊಂಡು ಪೊಲೀಸರಿಗೆ ವಿವರ ಕೊಡುತ್ತೇನೆ. ಅದರ ಬಗ್ಗೆ ನನ್ನ ತಕರಾರಿಲ್ಲ. 2008ರ ಜುಲೈ 25ರಂದು ಬೆಂಗಳೂರಿನಲ್ಲಿ ಸಾಲಾಗಿ ಬಾಂಬುಗಳು ಸಿಡಿದವಲ್ಲ, ಅವುಗಳಲ್ಲಿ ಒಂದು ಸಿಡಿದದ್ದು ಇಲ್ಲೇ ನಾಯಂಡಹಳ್ಳಿಯಲ್ಲಿ. ಮಡಿವಾಳದಲ್ಲಿ ಬಸ್ಸಿಗೆ ಕಾಯುತ್ತಿದ್ದ ಹೆಣ್ಣುಮಗಳೊಬ್ಬಳು ಸತ್ತಳು. ಅಂಥದ್ದನ್ನು ತಡೆಯುವುದು ಸರ್ಕಾರದ ಮೊದಲ ಕೆಲಸ.

2024ರ ಮಾರ್ಚ್ 1ರಂದು ರಾಮೇಶ್ವರಂ ಕೆಫೆಯಲ್ಲಿ ಸ್ಫೋಟವಾದ ಮೇಲೆ ನಮ್ಮ ಬೀದಿಯ ಮನೆ ಮಾಲೀಕರ ನಡುವೆ ಬೇರೆ ಮಾತು ಶುರುವಾಯಿತು. ಮುಸ್ಲಿಮರಿಗೆ ಮನೆ ಕೊಡಬೇಡಿ ಎಂದರು ಕೆಲವರು. "ಅನುಮಾನ ಬಂದವರನ್ನೆಲ್ಲ ಮೊದಲು ಒಳಗೆ ಹಾಕಲಿ, ಆಮೇಲೆ ನೋಡೋಣ" ಎಂದರು ನೆರೆಮನೆಯ ಹಿರಿಯರು. ಅವರು ಕೆಟ್ಟವರಲ್ಲ. ಆದರೆ ಆ "ಆಮೇಲೆ" ಎಷ್ಟು ಉದ್ದವಿರುತ್ತದೆ ಎಂದು ಅವರಿಗೆ ಯಾರೂ ಹೇಳಿಲ್ಲ.

ಕಲಬುರಗಿಯ ನಿಸಾರುದ್ದೀನ್ ಅಹ್ಮದ್ ಫಾರ್ಮಸಿ ಓದುತ್ತಿದ್ದ ಹುಡುಗ. 1993ರ ಡಿಸೆಂಬರ್‌ನ ರೈಲು ಸ್ಫೋಟಗಳ ಆರೋಪದ ಮೇಲೆ 1994ರ ಜನವರಿಯಲ್ಲಿ ಅವರನ್ನು ಹಿಡಿದರು. ಆಗ ಟಾಡಾ ಎಂಬ ಭಯೋತ್ಪಾದನಾ ತಡೆ ಕಾಯ್ದೆ ಜಾರಿಯಲ್ಲಿತ್ತು. ಪೊಲೀಸ್ ಅಧಿಕಾರಿಯ ಮುಂದೆ ಕೊಟ್ಟ ತಪ್ಪೊಪ್ಪಿಗೆ ಆ ಕಾಯ್ದೆಯಡಿ ಸಾಕ್ಷ್ಯವಾಗುತ್ತಿತ್ತು. ಮಾಮೂಲು ಕಾನೂನು ಅದನ್ನು ಒಪ್ಪುವುದಿಲ್ಲ, ಠಾಣೆಯೊಳಗೆ ಹೇಳಿಕೆ ಹೇಗೆ ಹೊರಡುತ್ತದೆಂಬುದು ನಮಗೆಲ್ಲ ಗೊತ್ತಿರುವುದೇ. ಜೀವಾವಧಿ ಶಿಕ್ಷೆಯಾಯಿತು. ಟಾಡಾದ ಅವಧಿ 1995ರಲ್ಲೇ ಮುಗಿಯಿತು, ಅವರ ಸೆರೆವಾಸ ಮುಗಿಯಲಿಲ್ಲ. 2016ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಖುಲಾಸೆ ಮಾಡಿ, ಅವರು ಜೈಪುರದ ಜೈಲಿನಿಂದ ಹೊರಬಂದಾಗ 22 ವರ್ಷ ದಾಟಿತ್ತು. ಅಪ್ಪ ಅಷ್ಟರಲ್ಲಿ ತೀರಿಕೊಂಡಿದ್ದರು.

ಇದರ ಪಕ್ಕದಲ್ಲಿ ಡಾ. ಮೊಹಮ್ಮದ್ ಹನೀಫ್ ಅವರ ಪ್ರಕರಣ ಇಟ್ಟು ನೋಡಬೇಕು. ಅವರು ಬೆಂಗಳೂರಿನಲ್ಲಿ ವೈದ್ಯಕೀಯ ಓದಿದವರು. 2007ರಲ್ಲಿ ಗ್ಲಾಸ್ಗೊ ವಿಮಾನ ನಿಲ್ದಾಣದ ಮೇಲೆ ದಾಳಿಯಾದಾಗ, ಸಂಬಂಧಿಯೊಬ್ಬನಿಗೆ ಸಿಮ್ ಕಾರ್ಡ್ ಕೊಟ್ಟಿದ್ದರೆಂದು ಬ್ರಿಸ್ಬೇನ್‌ನಲ್ಲಿ ಬಂಧಿಸಿದರು. ಆಸ್ಟ್ರೇಲಿಯಾದ ಭಯ ಹುಸಿಯಾಗಿರಲಿಲ್ಲ. ಆ ದಾಳಿಯಲ್ಲಿ ಸುಟ್ಟುಕೊಂಡು ಸತ್ತ ಕಫೀಲ್ ಅಹ್ಮದ್ ಕೂಡ ಬೆಂಗಳೂರಿನವನೇ, ಹನೀಫ್‌ರ ನೆಂಟನೇ. ಆದರೂ ಆ ಸಿಮ್ ದಾಳಿಯ ವಾಹನದಲ್ಲಿ ಸಿಕ್ಕಿತೆಂಬ ಮಾತು ಸುಳ್ಳಾಯಿತು, ಜುಲೈ ಮುಗಿಯುವ ಮೊದಲೇ ಆರೋಪ ಬಿದ್ದುಹೋಯಿತು. ಅಲ್ಲಿನ ಸರ್ಕಾರ ಅಷ್ಟಕ್ಕೇ ಬಿಡಲಿಲ್ಲ. ಜಾನ್ ಕ್ಲಾರ್ಕ್ ಎಂಬ ನಿವೃತ್ತ ನ್ಯಾಯಾಧೀಶರಿಂದ ತನಿಖೆ ಮಾಡಿಸಿತು. ಪೊಲೀಸರೂ ಮಂತ್ರಿಯೂ ಎಲ್ಲಿ ಎಡವಿದರೆಂದು ಬರೆದ ಅವರ ವರದಿಯನ್ನು ಪ್ರಕಟಿಸಿತು. 2010ರಲ್ಲಿ ಪರಿಹಾರ ಕೊಟ್ಟಿತು. ಭಯೋತ್ಪಾದನಾ ಕಾನೂನುಗಳ ಮೇಲೆ ಕಣ್ಣಿಡಲು ಸ್ವತಂತ್ರ ಅಧಿಕಾರಿಯೊಬ್ಬರನ್ನು ನೇಮಿಸುವ ಕಾಯ್ದೆಯನ್ನೂ ಅದೇ ವರ್ಷ ತಂದಿತು. ತಿಂಗಳೊಳಗಿನ ಸೆರೆಗೆ ಇಷ್ಟೆಲ್ಲ. ಅದರಿಂದ ಆ ದೇಶದ ಭದ್ರತೆಯೇನೂ ಕುಸಿಯಲಿಲ್ಲ.

ನಮ್ಮ ಈಗಿನ ಭಯೋತ್ಪಾದನಾ ತಡೆ ಕಾಯ್ದೆಯಾದ ಯುಎಪಿಎ ಅಡಿ ಆರೋಪಪಟ್ಟಿ ಸಲ್ಲಿಸಲು 180 ದಿನಗಳವರೆಗೆ ಅವಕಾಶವಿದೆ. ಆರೋಪ ಮೇಲ್ನೋಟಕ್ಕೆ ನಿಜವೆನಿಸಿದರೆ ಸಾಕು, 43ಡಿ(5) ಕಲಮಿನ ಪ್ರಕಾರ ಜಾಮೀನಿಲ್ಲ. ವಿಚಾರಣೆ ವರ್ಷದೊಳಗೆ ಮುಗಿಯುವಂತಿದ್ದರೆ ಇದನ್ನೂ ಒಪ್ಪಬಹುದಿತ್ತೇನೋ. 2008ರ ಸ್ಫೋಟಗಳ ವಿಚಾರಣೆ 15 ವರ್ಷ ಕಳೆದರೂ ಮುಗಿದಿರಲಿಲ್ಲ. ಮಡಿವಾಳದಲ್ಲಿ ಸತ್ತವಳ ಮನೆಯವರಿಗೂ ಇದು ಅನ್ಯಾಯವೇ. ಅಪರಾಧಿ ಯಾರೆಂದು ತಿಳಿಯುವ ಹಕ್ಕು ಎಲ್ಲರಿಗಿಂತ ಮೊದಲು ಅವರದು.

ಕಠಿಣ ಕಾನೂನೇ ಬೇಡವೆಂದು ನಾನು ಹೇಳುತ್ತಿಲ್ಲ. ಅಷ್ಟು ಅಧಿಕಾರ ಕೈಯಲ್ಲಿರುವ ಸರ್ಕಾರ, ತಪ್ಪಾದಾಗ ಕೈ ತೊಳೆದುಕೊಳ್ಳಬಾರದು. ವಿನಾಕಾರಣ ಮೊಕದ್ದಮೆಗೆ ಸಿಕ್ಕಿದವರಿಗೆ ಪರಿಹಾರ ಕೊಡಲು ಕಾಯ್ದೆ ತನ್ನಿ, ಅದಕ್ಕಾಗಿ ಜಿಲ್ಲೆಗೊಂದು ವಿಶೇಷ ನ್ಯಾಯಾಲಯವಿರಲಿ ಎಂದು ಕೇಂದ್ರ ಕಾನೂನು ಆಯೋಗ 2018ರಲ್ಲಿ ತನ್ನ 277ನೇ ವರದಿಯಲ್ಲಿ ಹೇಳಿತು. ಅದು ಕಾಯ್ದೆಯಾಗಿಲ್ಲ. ದೆಹಲಿಗೆ ಕಾಯುತ್ತ ಕೂರಬೇಕಾಗಿಯೂ ಇಲ್ಲ. ದಂಡ ಪ್ರಕ್ರಿಯೆ ಸಂವಿಧಾನದ ಸಮವರ್ತಿ ಪಟ್ಟಿಯಲ್ಲಿದೆ. ಕರ್ನಾಟಕದ ವಿಧಾನಸಭೆಯೇ ಮಸೂದೆ ತರಬಹುದು. ಮುಂದಿನ ಸಲ ಮತ ಕೇಳಲು ನಮ್ಮ ಬೀದಿಗೆ ಬರುವವರನ್ನು, ಯಾವ ಪಕ್ಷದವರೇ ಆಗಲಿ, ಆ ಮಸೂದೆ ಯಾವಾಗ ತರುತ್ತೀರಿ ಎಂದೇ ಕೇಳುತ್ತೇನೆ.